ಬಾಣಂತನಕ್ಕೆ ಟೈಮ್‌ಟೇಬಲ್ ಬೇಡ, ಮೊದಲು ಓಟಿಪಿ ಬರುವ ನಂಬರ್ ಬದಲಿಸಿ

ಎಂಟನೇ ತಿಂಗಳು, ಈಗಷ್ಟೇ ಬದಲಿಸಿದ ಬಾಡಿಗೆ ಮನೆ, ಆಫೀಸಿನಲ್ಲಿ ಅಕೌಂಟ್ಸ್‌ನ ಪೂರ್ತಿ ಹೊಣೆ. ಹೆರಿಗೆ ಆದಮೇಲೆ ಸುಧಾರಿಸಿಕೊಳ್ಳಲು ದಿನಕ್ಕೆ ಎಷ್ಟು ಗಂಟೆ ಇಟ್ಟುಕೊಳ್ಳಲಿ, ಟೈಮ್‌ಟೇಬಲ್ ಹೇಗೆ ಮಾಡಲಿ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಎಕ್ಸೆಲ್‌ನಲ್ಲಿ ಅಂಥದ್ದೊಂದು ಮಾಡಿಟ್ಟಿದ್ದೆ, ಬಣ್ಣ ಬಣ್ಣ ಹಾಕಿ.

ಆಗ ನಾನು ಪೀಣ್ಯದ ಒಂದು ಸಣ್ಣ ಪಾರ್ಟ್‌ನರ್‌ಶಿಪ್ ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೆ. ತವರು ತಿಪಟೂರು. ಅಮ್ಮ ಕರೆದ ಕೂಡಲೇ ಹೊರಟೆ, ಹೆರಿಗೆ ಅಲ್ಲೇ ಆಯಿತು. ರಜೆಗೂ ತೊಂದರೆ ಇರಲಿಲ್ಲ. ಅಮ್ಮ ಇದ್ದಳು, ಪಕ್ಕದ ಬೀದಿಯಲ್ಲೇ ದೊಡ್ಡಮ್ಮ, ಎಣ್ಣೆ ನೀರು ಹಾಕಲು ಬರುವ ಅಜ್ಜಿ, ಡಬ್ಬಿ ತುಂಬ ಅಂಟಿನುಂಡೆ. ಹೊರಗಿನಿಂದ ನೋಡಿದರೆ ಇನ್ನೇನು ಬೇಕು ಅನ್ನಬೇಕು, ಹಾಗಿತ್ತು. ಆದರೂ ನನಗೆ ಸರಿಯಾದ ಬಾಣಂತನ ಆಗಲಿಲ್ಲ. ಕಾರಣ ಒಂದೇ. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಅಕೌಂಟ್ಸ್‌ನವರು, ನಿಮಗೆ ಅರ್ಥ ಆಗುತ್ತದೆ.

ಸಂಸ್ಥೆಯ ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಜಮಾನರ, ಅಂದರೆ ಸಂಸ್ಥೆಯ ಮಾಲೀಕರ, ಹೆಸರಿನ ಮುಂದೆ ಇದ್ದದ್ದು ನನ್ನ ಮೊಬೈಲ್ ನಂಬರು. ಸಣ್ಣ ಕಡೆಗಳಲ್ಲಿ ಇದು ಮಾಮೂಲು, ಅಲ್ವಾ? ರಿಟರ್ನ್ ಸಲ್ಲಿಸುವಾಗ ಬರುವ ಓಟಿಪಿಗೆ ಪ್ರತಿ ಸಲ ಯಜಮಾನರ ಹಿಂದೆ ಓಡುವುದು ಯಾರು ಅಂತ ನಾನೇ ಹಾಕಿಸಿದ್ದೆ. ಬ್ಯಾಂಕಿನ ಒಂದು ಲಾಗಿನ್‌ಗೂ ಅದೇ ನಂಬರು. ರಜೆ ಹೋಗುವ ಮುಂಚೆ ಎಲ್ಲವನ್ನೂ ಜೂನಿಯರ್ ಹುಡುಗನಿಗೆ ಒಪ್ಪಿಸಿದೆ. ಫೈಲು, ಪಾಸ್‌ವರ್ಡ್, ಬೀರುವಿನ ಕೀ. ನಂಬರ್ ಮಾತ್ರ ಬದಲಿಸಲಿಲ್ಲ. ‘ಒಂದು ಓಟಿಪಿ ಹೇಳೋಕೆ ಎಷ್ಟು ಹೊತ್ತು ಬೇಕು?’ ಅಂದುಕೊಂಡೆ.

ಬದಲಿಸುವುದು ಕಷ್ಟವೂ ಅಲ್ಲ. ಪೋರ್ಟಲ್‌ನಲ್ಲೇ ಇಂಥ ಸಣ್ಣಪುಟ್ಟ ಬದಲಾವಣೆಗೆ ನಾನ್-ಕೋರ್ ತಿದ್ದುಪಡಿ ಅಂತ ಇದೆ. ಹೊಸ ನಂಬರ್ ಹಾಕಿ, ಅದಕ್ಕೆ ಬರುವ ಓಟಿಪಿ ಕೊಟ್ಟು ಸಲ್ಲಿಸಿದರೆ ಆಯಿತು. ಅಧಿಕಾರಿಯ ಒಪ್ಪಿಗೆಗೆ ಕಾಯುವ ಗೋಜಿಲ್ಲ. ಗೊತ್ತಿದ್ದೂ ಮಾಡಲಿಲ್ಲ. ನಾನಿಲ್ಲದೆ ಕೆಲಸ ನಡೆದುಬಿಟ್ಟರೆ ವಾಪಸ್ ಬಂದಾಗ ನನ್ನ ಕುರ್ಚಿ ಇರುತ್ತೋ ಇಲ್ಲವೋ ಅನ್ನುವ ಭಯ ಇತ್ತು.

ಈಗ ತಿಂಗಳ ಲೆಕ್ಕ ನೋಡಿ. 7ಕ್ಕೆ ಟಿಡಿಎಸ್, ಅಂದರೆ ಕೊಡುವ ಹಣದಲ್ಲೇ ಹಿಡಿದಿಟ್ಟ ತೆರಿಗೆ, ಕಟ್ಟಬೇಕು. 11ಕ್ಕೆ ಮಾರಾಟದ ಬಿಲ್ಲು ತೋರಿಸುವ ರಿಟರ್ನ್, ಜಿಎಸ್‌ಟಿಆರ್-1. 14ಕ್ಕೆ 2ಬಿ, ಅಂದರೆ ನಮಗೆ ಮಾಲು ಕೊಟ್ಟ ಪಾರ್ಟಿಗಳು ತೋರಿಸಿದ ಬಿಲ್ಲುಗಳ ಪಟ್ಟಿ, ಬರುತ್ತದೆ. 20ಕ್ಕೆ ತೆರಿಗೆ ಕಟ್ಟಿ ಸಲ್ಲಿಸುವ ರಿಟರ್ನ್, 3ಬಿ. ಅಂದರೆ 20ರ ತನಕ ವಾರಕ್ಕೊಂದಾದರೂ ಗಡುವು. ಹುಡುಗ ಓಟಿಪಿಗೆ ಫೋನ್ ಮಾಡುತ್ತಾನೆ. ಎತ್ತಿದ ಮೇಲೆ ಓಟಿಪಿ ಒಂದನ್ನೇ ಕೇಳಿ ಇಡುತ್ತಾನಾ? ‘ಮೇಡಂ, ಆ ಪಾರ್ಟಿಯ ಬಿಲ್ಲು 2ಬಿಯಲ್ಲಿ ಕಾಣ್ತಿಲ್ಲ, ಏನ್ಮಾಡ್ಲಿ?’ ಅಂತಾನೆ. ಪಾರ್ಟಿಗೆ ನಾನೇ ಫೋನ್ ಮಾಡುತ್ತೇನೆ. ಅವರು ಮಗುವಿನ ಕ್ಷೇಮ ವಿಚಾರಿಸಿ, ತಮ್ಮ ಹಳೇ ಬಾಕಿಯ ಮಾತು ತೆಗೆಯುತ್ತಾರೆ. ಆಮೇಲೆ ಯಜಮಾನರಿಗೆ ಹೇಳಬೇಕು. ಓಟಿಪಿಯ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ. ಇನ್ನೊಂದು ಕಳಿಸಿಕೊಳ್ಳಬೇಕು.

ಒಂದು 20ನೇ ತಾರೀಖು ಚೆನ್ನಾಗಿ ನೆನಪಿದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದೆ. ಫೋನಿಗಾಗಿ ಒಂದು ಕಿವಿಯ ಹತ್ತಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಮ್ಮ ಬಿಸಿ ಅನ್ನಕ್ಕೆ ಮೆಣಸಿನ ಸಾರು ಕಲಸಿ, ಮೇಲೆ ತುಪ್ಪ ಹಾಕಿ ತಂದಿಟ್ಟಳು. ಪೋರ್ಟಲ್ ಸುತ್ತುತ್ತಾ ಇತ್ತು. 20ನೇ ತಾರೀಖು ಅದರ ಪಾಡು ನಿಮಗೆ ಹೇಳಬೇಕಾಗಿಲ್ಲ. ತಟ್ಟೆಯಲ್ಲಿ ತುಪ್ಪ ಬಿಳಿಯಾಗಿ ಗಟ್ಟಿಯಾಯಿತು. ಮಗು ಬಾಯಿ ಹುಡುಕಿ ಹುಡುಕಿ ಅಳತೊಡಗಿತು. ಅಮ್ಮ ಬಾಗಿಲಲ್ಲೇ ನಿಂತು, ‘ಅನ್ನ ಮತ್ತೆ ಬಿಸಿ ಮಾಡ್ಲಾ, ಇಲ್ಲಾ ಮಗೂಗೆ ಡಬ್ಬಿ ಹಾಲು ಕಲಸ್ಲಾ, ಒಂದು ಹೇಳೇ’ ಅಂದಳು. ನಾನು ಡಬ್ಬಿ ಹಾಲು ಅಂದೆ.

ಆಮೇಲೆ ಗಡುವು ಬಂದಾಗಲೆಲ್ಲ ಅದೇ ಆಯಿತು. ಮಗು ಎಷ್ಟು ಕುಡಿಯುತ್ತದೋ ಹಾಲು ಅಷ್ಟು ಬರುತ್ತದೆ. ಕುಡಿಸುವುದು ತಪ್ಪುತ್ತಾ ಹೋದರೆ ಹಾಲು ಕಡಿಮೆ ಆಗುತ್ತಾ ಹೋಗುತ್ತದೆ. ನನ್ನದು ಹಾಗೇ ಕಡಿಮೆ ಆಯಿತು. ಡಬ್ಬಿ ಹಾಲು ಕುಡಿದೇ ಬೆಳೆದ ಮಗಳು ಈಗ ಗಟ್ಟಿಮುಟ್ಟಾಗಿದ್ದಾಳೆ, ಆ ಬಗ್ಗೆ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ. ಆದರೆ ಹಾಲುಣಿಸಬೇಕು ಅಂತ ನನಗೇ ಆಸೆ ಇತ್ತು, ಅದು ಹೋಯಿತು. ಯಾತಕ್ಕಾಗಿ? 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಬಾಕಿ ತೆರಿಗೆಗೆ ವರ್ಷಕ್ಕೆ ಶೇಕಡ 18ರ ಬಡ್ಡಿ. ಅದೂ ಯಜಮಾನರು ಕಟ್ಟಬೇಕಾದ್ದು!

ಇದಕ್ಕೇ ನಿಮ್ಮ ಟೈಮ್‌ಟೇಬಲ್ ಬೇಡ ಅನ್ನುವುದು. ಹಸುಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ, ರಾತ್ರಿಯೂ ಸೇರಿ. ‘ಮಧ್ಯಾಹ್ನ 2ರಿಂದ 4 ನಿದ್ದೆ’ ಅಂತ ನೀವು ಬರೆದಿಟ್ಟರೆ ಮಗು ಕೇಳುತ್ತಾ? ಹಿಂದಿನವರು ಬಾಣಂತಿಗೆ ಗಂಟೆ ಲೆಕ್ಕ ಹಾಕಿ ಬಿಡುವು ಕೊಡುತ್ತಿರಲಿಲ್ಲ. ಅವಳು ಬಾಣಂತಿ, ಅವಳನ್ನು ಏನೂ ಕೇಳಬೇಡಿ, ಅಷ್ಟೇ. ‘ಆಗಲ್ಲ’ ಅಂತ ಅವಳು ಯಾರಿಗೂ ಹೇಳಬೇಕಾಗಿರಲಿಲ್ಲ. ಮನೆಯವರೇ ಬಾಗಿಲಲ್ಲಿ ಹೇಳಿ ಕಳಿಸುತ್ತಿದ್ದರು. ನಿಮಗೂ ಹಾಗೆ ಹೇಳಿ ಕಳಿಸುವವರು ಒಬ್ಬರು ಬೇಕು.

ಹಾಗಂತ ಹಳೇದೆಲ್ಲ ಒಳ್ಳೇದು ಅಂತ ನಾನು ಹೇಳುತ್ತಿಲ್ಲ. ನೀರು ಕುಡಿಯಬೇಡ ಅನ್ನುವುದು ಶುದ್ಧ ತಪ್ಪು, ಹಾಲೂಡಿಸುವವಳಿಗೆ ನೀರು ಜಾಸ್ತಿಯೇ ಬೇಕು. ಮುಚ್ಚಿದ ಕೋಣೆಯಲ್ಲಿ ಮಗುವಿಗೆ ಹೊಗೆ ಹಾಕುವುದೂ ಬೇಡ. ಅಜ್ಜಿ ಮುನಿಸಿಕೊಂಡರೂ ಪರವಾಗಿಲ್ಲ.

ಕಾನೂನು ನಿಮ್ಮ ಪರವಾಗಿದೆ ಅನ್ನುವುದೂ ತಿಳಿದಿರಲಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ 26 ವಾರ ಸಂಬಳದ ರಜೆ. 2017ಕ್ಕೆ ಮುಂಚೆ 12 ವಾರ ಇತ್ತು. ಈಗಿನ 26 ವಾರದಲ್ಲಿ 8 ವಾರದ ತನಕ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ನೀವು ಎಂಟನೇ ತಿಂಗಳಲ್ಲಿ ಸಾಮಾನು ಜೋಡಿಸುತ್ತಾ ಆಫೀಸಿಗೂ ಹೋಗುತ್ತಿದ್ದೀರಿ, ಯಾಕೆ? ಕಾನೂನಿನಲ್ಲೇ ಇನ್ನೊಂದು ಮಾತಿದೆ. ಹೆರಿಗೆಯಾದ ಮೇಲೆ 6 ವಾರ ಮಾಲೀಕ ಕೆಲಸ ಮಾಡಿಸಬಾರದು, ಬಾಣಂತಿ ತಾನೂ ಮಾಡಬಾರದು. ನೀವು ಒಪ್ಪಿದರೂ ಮಾಡುವಂತಿಲ್ಲ. ಯಜಮಾನರಿಗೆ ಇದನ್ನು ಮುಂಚೆಯೇ ತೋರಿಸಿಬಿಡಿ.

ತವರಿಗೆ ಹೋಗಲಾ, ಅಮ್ಮನನ್ನೇ ಬೆಂಗಳೂರಿಗೆ ಕರೆಸಲಾ ಅಂತಲೂ ಕೇಳಿದ್ದೀರಿ. ಒಳ್ಳೆ ಆಸ್ಪತ್ರೆ ಹತ್ತಿರ ಇದ್ದರೆ ತವರು. ಕರೆಸುವುದಾದರೆ ಅಡುಗೆಗೆ ಬೇರೆ ಒಬ್ಬರನ್ನು ಇಟ್ಟುಕೊಳ್ಳಿ. ಹಿಂದೆ ಮೂರು ಹೆಂಗಸರು ಸೇರಿ ಮಾಡುತ್ತಿದ್ದ ಕೆಲಸವನ್ನು ಈಗ ಬಿಪಿ, ಮಂಡಿನೋವು ಇರುವ ಒಬ್ಬ ಅಮ್ಮನ ತಲೆಗೆ ಕಟ್ಟುತ್ತೇವೆ. ಅದು ನ್ಯಾಯ ಅಲ್ಲ.

ಬಾಕಿ ಎಲ್ಲ ಆಮೇಲೆ. ಈ ವಾರವೇ ಕೂತು ನಿಮ್ಮ ನಂಬರಿಗೆ ಏನೇನು ಬರುತ್ತದೆ ಬರೆದಿಡಿ. ಜಿಎಸ್‌ಟಿ, ಬ್ಯಾಂಕು, ಇನ್‌ಕಮ್ ಟ್ಯಾಕ್ಸ್ ಪೋರ್ಟಲ್, ಆಫೀಸಿನ ವಾಟ್ಸಾಪ್ ಗುಂಪು. ಮನೆಯದೂ ಬರೆಯಿರಿ: ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು, ಹೊಸ ಮನೆಯ ಓನರ್, ‘ಡೆಲಿವರಿ ಬಂದಿದೆ, ಒಳಗೆ ಬಿಡ್ಲಾ’ ಅಂತ ಕೇಳುವ ಅಪಾರ್ಟ್‌ಮೆಂಟ್ ಆ್ಯಪ್. ಆಫೀಸಿನದೆಲ್ಲ ಯಜಮಾನರ ನಂಬರಿಗೆ, ಮನೆಯದೆಲ್ಲ ನಿಮ್ಮವರ ನಂಬರಿಗೆ. ‘ನೀನೇ ನೋಡ್ಕೋತಿದ್ದೆ ಅಲ್ವಾ, ನಂಗೊತ್ತಿಲ್ಲ’ ಅಂತ ನಿಮ್ಮವರು ಅಂದರೆ, ಪಕ್ಕದಲ್ಲಿ ಕೂರಿಸಿಕೊಂಡು ಅವರ ಕೈಯಲ್ಲೇ ಮಾಡಿಸಿ.