ಓದುಗರ ಪ್ರಶ್ನೆಗೆ ಉತ್ತರ: ಸ್ಟಾರ್‌ಗಳ ಹಿಂದಿರುವ ಅಳತೆಗೋಲು

ಚಿತ್ರವಿಮರ್ಶೆಯ ಜೊತೆಗೆ ಅಚ್ಚಾಗುವ ಅಂಕಗಳನ್ನು ಕುರಿತು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಒಬ್ಬರೇ ವಿಮರ್ಶಕರು ಒಂದೇ ವಾರದಲ್ಲಿ ಹೊಡೆದಾಟದ ಚಿತ್ರವೊಂದಕ್ಕೆ ಮೂರೂವರೆ ಸ್ಟಾರ್ ಕೊಟ್ಟು, ಪ್ರಶಸ್ತಿ ಪಡೆದ ಗಂಭೀರ ಚಿತ್ರಕ್ಕೆ ಮೂರೇ ಕೊಟ್ಟಿದ್ದಾರೆ. ಮೊದಲನೆಯದೇ ಹೆಚ್ಚು ಶ್ರೇಷ್ಠವೆಂದು ತಿಳಿಯಬೇಕೇ?
– ಪ್ರೌಢಶಾಲಾ ಶಿಕ್ಷಕರು, ಆಳಂದ

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ಅಕ್ಕಪಕ್ಕದಲ್ಲಿ ಅಚ್ಚಾದ ಎರಡು ಅಂಕಗಳನ್ನು ಹೋಲಿಸಿ ನೋಡುವುದು ಸಹಜವೇ ಆದರೂ, ಅನೇಕ ವಿಮರ್ಶಕರು ಅವನ್ನು ಹೋಲಿಕೆಗೆಂದು ಕೊಟ್ಟಿರುವುದಿಲ್ಲ. 1967ರಿಂದ ಷಿಕಾಗೋ ಸನ್-ಟೈಮ್ಸ್ ಪತ್ರಿಕೆಗೆ ಬರೆದ, ಮತ್ತು 1975ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಚಿತ್ರವಿಮರ್ಶಕರೆನಿಸಿದ ರಾಜರ್ ಈಬರ್ಟ್ ಅವರು 2004ರ ಒಂದು ವಿಮರ್ಶೆಯಲ್ಲಿ ಇದನ್ನು ಸ್ಪಷ್ಟಪಡಿಸಿದ್ದರು. ಸೂಪರ್‌ಹೀರೋ ಚಿತ್ರವೊಂದು ಹೇಗಿದೆ ಎಂದು ಗೆಳೆಯನೊಬ್ಬ ಕೇಳಿದರೆ, ಅದೇ ಬಗೆಯ ಇತರ ಚಿತ್ರಗಳ ನಡುವೆ ಅದು ಎಲ್ಲಿ ನಿಲ್ಲುತ್ತದೆ ಎಂದು ಆತ ಕೇಳುತ್ತಿದ್ದಾನೆಯೇ ಹೊರತು, ಗಂಭೀರ ಕಥಾಚಿತ್ರವೊಂದರ ಎದುರು ಅದನ್ನು ತೂಗಲು ಹೇಳುತ್ತಿಲ್ಲ. ಆದ್ದರಿಂದ ತಮ್ಮ ಸ್ಟಾರ್‌ಗಳು ಸಾಪೇಕ್ಷವಾದವು ಎಂಬುದು ಅವರ ನಿಲುವಾಗಿತ್ತು.

ನಮ್ಮದೇ ಎರಡು ಚಿತ್ರಗಳನ್ನು ತೆಗೆದುಕೊಳ್ಳೋಣ. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳಷ್ಟು ಕಾಲ ಓಡಿತು. 1977ರ 'ಘಟಶ್ರಾದ್ಧ' ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಬಂಜರು ನೆಲವನ್ನು ಹಸನುಮಾಡುವ ಮನುಷ್ಯನ ಕಥೆಯನ್ನು ಇಡೀ ಕುಟುಂಬಗಳು ಕುಳಿತು ನೋಡುವಂತೆ ಹೇಳಹೊರಟ ಮೊದಲನೆಯ ಚಿತ್ರದಲ್ಲಿ, ಹಾಡುಗಳು ಕಥೆಯನ್ನು ಮುಂದಕ್ಕೆ ಒಯ್ಯುತ್ತವೆಯೇ, ನಾಯಕನ ಆದರ್ಶ ನಂಬುವಂತಿದೆಯೇ, ಭಾವುಕತೆ ಪಾತ್ರದೊಳಗಿಂದಲೇ ಬಂದಿದೆಯೇ ಎಂದು ಕೇಳುವುದು ನ್ಯಾಯ. ಎಳೆಯ ವಿಧವೆಯೊಬ್ಬಳ ದುರಂತವನ್ನು ಬಾಲಕನೊಬ್ಬನ ಕಣ್ಣಿನಿಂದ ತೋರಿಸುವ ಎರಡನೆಯದರಲ್ಲಿ, ಆ ಹುಡುಗನಿಗೆ ಅರ್ಥವಾದಷ್ಟನ್ನೂ ಅರ್ಥವಾಗದಷ್ಟನ್ನೂ ಕ್ಯಾಮೆರಾ ಎಷ್ಟು ಸಂಯಮದಿಂದ ಹಿಡಿದಿದೆ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಒಂದರ ಪ್ರಶ್ನೆಯನ್ನು ಇನ್ನೊಂದಕ್ಕೆ ಹಾಕಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಆದರೂ ಈ ಪದ್ಧತಿಗೊಂದು ಮಿತಿಯಿದೆ, ಅದನ್ನು ಮರೆಯುವ ವಿಮರ್ಶಕರ ಬಗ್ಗೆ ನನಗೆ ಬೇಸರವೂ ಇದೆ. ಲೇಖಕ ಏನನ್ನು ಮಾಡಹೊರಟ, ಆ ಯೋಜನೆ ಸಮಂಜಸವಾಗಿತ್ತೇ, ಅದರಲ್ಲಿ ಎಷ್ಟರ ಮಟ್ಟಿಗೆ ಗೆದ್ದ ಎಂಬ ಮೂರು ಪ್ರಶ್ನೆಗಳನ್ನು ಜರ್ಮನಿಯ ಕವಿ ಗಯಟೆ ವಿಮರ್ಶೆಯ ಮುಂದಿಟ್ಟಿದ್ದನು. ಈಗಿನ ಅನೇಕ ವಿಮರ್ಶೆಗಳು ಮೊದಲನೆಯದನ್ನೂ ಮೂರನೆಯದನ್ನೂ ಕೇಳಿ, ನಡುವಿನದನ್ನು ಬಿಟ್ಟುಬಿಡುತ್ತವೆ. ಹೆಣ್ಣನ್ನು ಬೆನ್ನಟ್ಟಿ ಪೀಡಿಸುವುದನ್ನೇ ಪ್ರೇಮವೆಂದು ತೋರಿಸಹೊರಟ ಚಿತ್ರ ಆ ಕೆಲಸವನ್ನು ಬಹಳ ಚೆನ್ನಾಗಿ ಮಾಡಿದೆ ಎಂಬ ಕಾರಣಕ್ಕೆ ನಾಲ್ಕು ಸ್ಟಾರ್‌ಗೆ ಅರ್ಹವಾಗುವುದಿಲ್ಲ. ಪ್ರತಿ ಚಿತ್ರವನ್ನೂ ಅದರ ಜಾತಿಯ ಚಿತ್ರಗಳೊಡನೆ ತೂಗಿದ ಮೇಲೆ, ಆ ಪ್ರಯತ್ನಕ್ಕೆ ಬೆಲೆಯಿತ್ತೇ ಎಂಬ ತೀರ್ಪನ್ನೂ ವಿಮರ್ಶಕನು ಹೇಳಲೇಬೇಕು, ಹೇಳಿ ಅದಕ್ಕೆ ಕಾರಣವನ್ನೂ ಕೊಡಬೇಕು. ಹಾಗೆ ಕಾರಣ ಕೊಡದ ವಿಮರ್ಶೆಯಲ್ಲಿ ಮೂರೂವರೆಗೂ ಮೂರಕ್ಕೂ ನಡುವಿನ ಅರ್ಧ ಸ್ಟಾರ್‌ಗೆ ಯಾವ ಅರ್ಥವೂ ಉಳಿಯುವುದಿಲ್ಲ.

ಪತ್ರಿಕೆಗಳಲ್ಲಿ ಸ್ಟಾರ್ ಕೊಡುವುದು ಇತ್ತೀಚಿನ ಚಾಳಿಯೇನೂ ಅಲ್ಲ. ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ 1928ರಲ್ಲೇ ಇದನ್ನು ಆರಂಭಿಸಿದಾಗ ಗರಿಷ್ಠ ಮೂರು ಸ್ಟಾರ್‌ಗಳಿದ್ದವು. ಈಬರ್ಟ್ ಅವರ ಅಳತೆ ನಾಲ್ಕರದು. ನಮ್ಮ ಪತ್ರಿಕೆಗಳದು ಸಾಮಾನ್ಯವಾಗಿ ಐದರದು. 'ಮೂರು ಸ್ಟಾರ್' ಎಂದು ಎಲ್ಲಿಯಾದರೂ ಓದಿದಾಗ ಎಷ್ಟಕ್ಕೆ ಮೂರು ಎಂಬುದನ್ನು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಇಂಗ್ಲಿಷ್ ಚಿತ್ರವೊಂದಕ್ಕೆ ಒಂದು ಜಾಲತಾಣದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು, ಇನ್ನೊಂದರಲ್ಲಿ 65ರ ಆಸುಪಾಸಿನ ಅಂಕವಿತ್ತು. ವಿಮರ್ಶಕರು ಬಹುಪಾಲು ಅವರೇ ಆಗಿರುವಾಗ ಇಷ್ಟು ಅಂತರ ಹೇಗೆ?
– ಬ್ಯಾಂಕ್ ಉದ್ಯೋಗಿ, ಬೀದರ್

ಉತ್ತರ: ಎರಡೂ ತಾಣಗಳು ಲೆಕ್ಕ ಹಾಕುವುದು ಬೇರೆಬೇರೆ ಸಂಗತಿಗಳನ್ನು. 1998ರಲ್ಲಿ ಆರಂಭವಾದ ರಾಟನ್ ಟೊಮ್ಯಾಟೋಸ್ ಪ್ರತಿ ವಿಮರ್ಶೆಯನ್ನೂ ಮೆಚ್ಚುಗೆ ಅಥವಾ ಅಸಮ್ಮತಿ ಎಂದು ವಿಂಗಡಿಸಿ, ನೂರಕ್ಕೆ ಎಷ್ಟು ಜನ ಮೆಚ್ಚಿದರು ಎಂದು ಹೇಳುತ್ತದೆ. ಅರವತ್ತು ಮುಟ್ಟಿದರೆ ಚಿತ್ರ 'ತಾಜಾ', ಅಂದರೆ ಪಾಸು, ಎನಿಸಿಕೊಳ್ಳುತ್ತದೆ. 2001ರಲ್ಲಿ ಬಂದ ಮೆಟಾಕ್ರಿಟಿಕ್ ಪ್ರತಿ ವಿಮರ್ಶೆಗೂ ನೂರರಲ್ಲಿ ಒಂದು ಅಂಕವನ್ನು ನಿಗದಿ ಮಾಡಿ ಸರಾಸರಿ ತೆಗೆಯುತ್ತದೆ. ಅಂಕವೇ ಇಲ್ಲದ ವಿಮರ್ಶೆಗಳಿಗೆ ಅದರ ಸಿಬ್ಬಂದಿಯೇ ಓದಿ ಅಂಕ ಹಾಕುತ್ತಾರೆ. ಕೆಲವು ಪತ್ರಿಕೆಗಳಿಗೆ ಅಲ್ಲಿ ಹೆಚ್ಚು ತೂಕವಿದೆ, ಆ ತೂಕ ಎಷ್ಟೆಂಬುದನ್ನು ಮಾತ್ರ ಅದು ಬಹಿರಂಗಪಡಿಸುವುದಿಲ್ಲ.

ಹತ್ತು ವಿಮರ್ಶಕರಿದ್ದಾರೆಂದು ಭಾವಿಸಿ. ಒಂದು ಚಿತ್ರಕ್ಕೆ ಹತ್ತೂ ಜನರು ಐದಕ್ಕೆ ಮೂರು ಕೊಟ್ಟರು. ಮೂರನ್ನು ಸಾಮಾನ್ಯವಾಗಿ ಮೆಚ್ಚುಗೆಯೆಂದೇ ಎಣಿಸುವುದರಿಂದ ಮೊದಲ ಲೆಕ್ಕದಲ್ಲಿ ಅದಕ್ಕೆ ಶೇಕಡಾ 100, ಸರಾಸರಿಯ ಲೆಕ್ಕದಲ್ಲಿ 60. ಇನ್ನೊಂದು ಚಿತ್ರಕ್ಕೆ ಆರು ಜನ ಐದಕ್ಕೆ ಐದು, ನಾಲ್ಕು ಜನ ಒಂದೇ ಒಂದು ಕೊಟ್ಟರು. ಇದಕ್ಕೆ ಮೊದಲ ಲೆಕ್ಕದಲ್ಲಿ ಶೇಕಡಾ 60, ಸರಾಸರಿಯಲ್ಲಿ 68. ಯಾರಿಗೂ ನೋವಾಗದಂತೆ ಸಾಗಿದ ಸಾಧಾರಣ ಚಿತ್ರ ಒಂದು ಕಡೆ ನೂರಕ್ಕೆ ನೂರು ಗಿಟ್ಟಿಸುತ್ತದೆ, ಆರು ಜನರು ಮನಸಾರೆ ಒಪ್ಪಿಕೊಂಡ ಧೈರ್ಯದ ಚಿತ್ರ ಅಲ್ಲಿ ಹೇಗೋ ಪಾಸಾಗುತ್ತದೆ. ಹೀಗಾಗಿ ಶೇಕಡಾ 90 ಎಂಬುದನ್ನು ಪರೀಕ್ಷೆಯ ಅಂಕದಂತೆ ಓದಬಾರದು. ನನ್ನ ಮಟ್ಟಿಗೆ, ಅಭಿಪ್ರಾಯ ಎರಡಾಗಿ ಸೀಳಿಹೋದ ಚಿತ್ರಗಳೇ ಹೆಚ್ಚು ಕುತೂಹಲ ಹುಟ್ಟಿಸುತ್ತವೆ. ಅಂಥ ಚಿತ್ರದ ಬಗ್ಗೆ ಐದು ಕೊಟ್ಟವರದೊಂದು, ಒಂದು ಕೊಟ್ಟವರದೊಂದು ವಿಮರ್ಶೆಯನ್ನು ಓದಿದರೆ ಸರಾಸರಿ ಹೇಳದ ಎಷ್ಟೋ ಸಂಗತಿಗಳು ತಿಳಿಯುತ್ತವೆ.

ಪ್ರಶ್ನೆ: ನಮ್ಮ ಊರಿನಲ್ಲಿ ಮರಾಠಿ ಚಿತ್ರಗಳನ್ನು ಮೂಲದಲ್ಲೇ ನೋಡುವವರು ಬಹಳ. ಅದೇ ಚಿತ್ರ ಕನ್ನಡಕ್ಕೆ ರೀಮೇಕ್ ಆದಾಗ ವಿಮರ್ಶಕರು ಮೂಲದೊಂದಿಗೆ ಹೋಲಿಸಿ ಅಂಕ ಕೊಡಬೇಕೇ, ಸ್ವತಂತ್ರವಾಗಿಯೇ?
– ಬಟ್ಟೆ ವ್ಯಾಪಾರಿ, ಬಸವಕಲ್ಯಾಣ

ಉತ್ತರ: ಅಂಕವನ್ನು ತೆರೆಯ ಮೇಲಿರುವ ಚಿತ್ರಕ್ಕೇ ಕೊಡಬೇಕು, ಹೋಲಿಕೆಯನ್ನು ಬರಹದಲ್ಲಿ ಹೇಳಬೇಕು. 2016ರ ಮರಾಠಿ 'ಸೈರಾಟ್' ಮರುವರ್ಷ ಕನ್ನಡದಲ್ಲಿ 'ಮನಸು ಮಲ್ಲಿಗೆ'ಯಾಗಿ ಬಂದಿತು, ನಾಯಕಿ ಎರಡರಲ್ಲೂ ಒಬ್ಬರೇ. ಮೂಲ ಚಿತ್ರದ ಬಲವೆಲ್ಲ ಸೋಲಾಪುರ ಸೀಮೆಯ ನೆಲ, ಅಲ್ಲಿನ ಮಾತು ಮತ್ತು ಅಲ್ಲಿನ ಜಾತಿ ವ್ಯವಸ್ಥೆಯ ನಿಖರ ವಿವರಗಳಲ್ಲಿ ಬೇರೂರಿದೆ. ಅಂಥ ಚಿತ್ರ ಗಡಿ ದಾಟಿ ಬಂದಾಗ ಕೇಳಬೇಕಾದ ಪ್ರಶ್ನೆ, ದೃಶ್ಯಗಳು ಹಾಗೆಯೇ ಬಂದಿವೆಯೇ ಎಂಬುದಕ್ಕಿಂತಲೂ, ಕಥೆಗೆ ಇಲ್ಲಿನ ಯಾವ ಊರು, ಯಾವ ಸಮಾಜ ಆಸರೆಯಾಗಿದೆ ಎಂಬುದು. ಮೂಲವನ್ನು ನೋಡಿದ ವಿಮರ್ಶಕರು ಅದನ್ನು ತಿಳಿಸಿ ಬರೆದರೆ ನಿಮ್ಮಂಥವರಿಗೂ, ಮೂಲವನ್ನು ನೋಡದ ಮೈಸೂರಿನ ಓದುಗರಿಗೂ ಅನುಕೂಲ.

ಪ್ರಶ್ನೆ: ವಿಮರ್ಶಕರು ತೆಗಳಿದ ಚಿತ್ರ ಹೌಸ್‌ಫುಲ್ ಆದರೆ ಅವರು ಸೋತಂತೆ ಅಲ್ಲವೇ?
– ಟಾಕೀಸ್ ನೌಕರ, ಶಹಾಪುರ

ಉತ್ತರ: ಇಲ್ಲ. ಎಷ್ಟು ಜನ ಬರುತ್ತಾರೆಂದು ವಿಮರ್ಶಕರು ಭವಿಷ್ಯ ನುಡಿದಿರುವುದಿಲ್ಲ. ಜನರಿಗೆ ಹಿಡಿಸಿತೇ ಎಂಬುದನ್ನು ತಿಳಿಯಲು ಬೇರೆ ದಾರಿಗಳಿವೆ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ಮೊದಲ ದಿನವೇ ಪ್ರೇಕ್ಷಕರನ್ನು ಕೇಳಿ ಶ್ರೇಣಿ ಕೊಡುತ್ತದೆ.

ಪ್ರಶ್ನೆ: ಉತ್ತರ ಕರ್ನಾಟಕದ ಪಾತ್ರವೆಂದು ತೋರಿಸಿ ಯಾವುದೋ ಊರಿನ ಧಾಟಿಯಲ್ಲಿ ಮಾತನಾಡಿಸುತ್ತಾರೆ. ಬೆಂಗಳೂರಿನ ವಿಮರ್ಶೆಗಳಲ್ಲಿ ಇದಕ್ಕೆ ಒಂದು ಅಂಕವೂ ಕಡಿತವಾಗುವುದಿಲ್ಲವೇಕೆ?
– ರಂಗಾಸಕ್ತರು, ಸುರಪುರ

ಉತ್ತರ: ನಿಮ್ಮ ನೋವು ನನ್ನದೂ ಹೌದು. ಹುಬ್ಬಳ್ಳಿ-ಧಾರವಾಡದ ಮಾತಿನ ಲಯವೇ ಬೇರೆ, ದಖನಿ ಉರ್ದುವಿನೊಂದಿಗೆ ಶತಮಾನಗಳಿಂದ ಬೆರೆತ ಕಲಬುರಗಿಯ ಮಾತು ಬೇರೆ, ಮರಾಠಿಯ ನೆರೆಯಲ್ಲಿ ಬೆಳೆದ ಬೀದರ್‌ನ ಮಾತು ಇನ್ನೂ ಬೇರೆ. ಎಲ್ಲವನ್ನೂ ಒಂದೇ ಎಳೆತದ ಧಾಟಿಗೆ ಇಳಿಸಿ, ಆ ಧಾಟಿಯನ್ನು ಹಾಸ್ಯದ ಪಾತ್ರಕ್ಕೆ ಮೀಸಲಿಡುವ ಚಿತ್ರದಲ್ಲಿ ಕಲೆಯ ದೋಷವೇ ಇದೆ. ಏಕೆಂದರೆ ಮಾತು ಸುಳ್ಳಾದರೆ ಪಾತ್ರದ ಹಿನ್ನೆಲೆ, ವೃತ್ತಿ, ಸ್ವಾಭಿಮಾನ ಎಲ್ಲವೂ ಸುಳ್ಳಾಗುತ್ತವೆ. ಬೆಂಗಳೂರಿನಲ್ಲಿ ಕುಳಿತು ಚಿತ್ರ ನೋಡುವ ವಿಮರ್ಶಕರಿಗೆ ಈ ವ್ಯತ್ಯಾಸ ಕಿವಿಗೆ ಬೀಳದಿರಬಹುದು. ಛಾಯಾಗ್ರಹಣ, ಸಂಕಲನ, ಹಿನ್ನೆಲೆ ಸಂಗೀತಗಳ ಬಗ್ಗೆ ತಪ್ಪದೆ ಒಂದೊಂದು ವಾಕ್ಯ ಬರೆಯುವವರು ಮಾತಿನ ಸತ್ಯದ ಬಗ್ಗೆಯೂ ಒಂದು ವಾಕ್ಯ ಬರೆಯುವಂತಾಗಲು, ನಮ್ಮ ಮೂರು ಜಿಲ್ಲೆಗಳಿಂದಲೇ ವಿಮರ್ಶಕರು ಹುಟ್ಟಬೇಕಾಗಿದೆ. ಅಲ್ಲಿಯವರೆಗೆ ನಿಮ್ಮಂಥವರು ಪತ್ರಿಕೆಗಳಿಗೆ ಹೆಸರು, ದೃಶ್ಯ, ಸಂಭಾಷಣೆ ಸಹಿತ ಬರೆದು ತಿಳಿಸುತ್ತಿರಿ.

ಪ್ರಶ್ನೆ: ಕಾಲೇಜಿನ ಭಿತ್ತಿಪತ್ರಿಕೆಗೆ ಚಿತ್ರವಿಮರ್ಶೆ ಬರೆಯುತ್ತಿದ್ದೇನೆ. ಎಲ್ಲ ಚಿತ್ರಗಳಿಗೂ ಮೂರು ಸ್ಟಾರೇ ಕೊಡುತ್ತಿರುವಂತೆ ಅನಿಸುತ್ತಿದೆ. ಏನು ಮಾಡಲಿ, ಸರ್?
– ಪದವಿ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಅಳುಕಬೇಡಮ್ಮಾ, ಪಳಗಿದವರ ಅಂಕಗಳೂ ಎರಡೂವರೆಗೂ ಮೂರೂವರೆಗೂ ನಡುವೆಯೇ ಸಿಕ್ಕಿಕೊಂಡಿರುವುದನ್ನು ನೋಡುತ್ತಿರುತ್ತೇನೆ. ಒಂದರಿಂದ ಐದರವರೆಗಿನ ಪ್ರತಿ ಅಂಕಕ್ಕೂ ನಿನ್ನ ಅರ್ಥವೇನು ಎಂಬುದನ್ನು ಒಂದೊಂದು ವಾಕ್ಯದಲ್ಲಿ ಬರೆದು ಭಿತ್ತಿಪತ್ರಿಕೆಯಲ್ಲೇ ಹಾಕು. ಎಲ್ಲ ಬಗೆಯ ಚಿತ್ರಗಳನ್ನೂ ನೋಡು. ಭಯದ ಚಿತ್ರಗಳನ್ನೇ ನೋಡದವರು ಅಂಥದೊಂದಕ್ಕೆ ಅಂಕ ಕೊಟ್ಟರೆ ಅದು ತಮ್ಮ ಅಭಿರುಚಿಗೆ ಕೊಟ್ಟ ಅಂಕವಾಗುತ್ತದೆ. ಅನುಮಾನವಿದ್ದರೆ ಚಿತ್ರವನ್ನು ಮತ್ತೆ ನೋಡು. ನ್ಯೂಸ್‌ವೀಕ್ ಪತ್ರಿಕೆಯ ಜೋ ಮಾರ್ಗನ್‌ಸ್ಟರ್ನ್ 1967ರಲ್ಲಿ 'ಬಾನಿ ಅಂಡ್ ಕ್ಲೈಡ್' ಚಿತ್ರವನ್ನು ಹಳಿದು ಬರೆದವರು, ಮತ್ತೊಮ್ಮೆ ನೋಡಿ ಮರುವಾರವೇ ಅದೇ ಪತ್ರಿಕೆಯಲ್ಲಿ ತಮ್ಮ ತೀರ್ಪನ್ನು ಹಿಂತೆಗೆದುಕೊಂಡರು. ಆ ಚಿತ್ರವನ್ನು ದೀರ್ಘ ಲೇಖನದಲ್ಲಿ ಸಮರ್ಥಿಸಿದ ವಿಮರ್ಶಕಿ ಪಾಲಿನ್ ಕೇಲ್ ಅವರಾದರೋ ಚಿತ್ರಗಳನ್ನು ಸಾಮಾನ್ಯವಾಗಿ ಒಮ್ಮೆ ಮಾತ್ರ ನೋಡುತ್ತಿದ್ದರು, ಆದರೆ ಅವರ ನೆನಪು ಮತ್ತು ಬರಹದ ಶಿಸ್ತು ನಮಗೆ ಸುಲಭಕ್ಕೆ ದಕ್ಕುವಂಥದ್ದಲ್ಲ.

ಅಂಕವನ್ನು ಕೊನೆಗೆ, ಬರಹ ಮುಗಿದ ಮೇಲೆಯೇ ಹಾಕು. ಆಮೇಲೆ ಅದನ್ನು ಮುಚ್ಚಿ ವಿಮರ್ಶೆಯನ್ನು ಗೆಳತಿಗೆ ಓದಲು ಕೊಟ್ಟು, ಎಷ್ಟು ಸ್ಟಾರ್ ಇರಬಹುದೆಂದು ಕೇಳು. ಆಕೆಯ ಊಹೆಗೂ ನಿನ್ನ ಅಂಕಕ್ಕೂ ಒಂದಕ್ಕಿಂತ ಹೆಚ್ಚು ಅಂತರವಿದ್ದರೆ ವಿಮರ್ಶೆಯನ್ನು ಇನ್ನೊಮ್ಮೆ ತಿದ್ದಿ ಬರೆ.