ತನ್ನ ವಿಷ ತನಗೇ ಯಾಕೆ ತಾಗುವುದಿಲ್ಲ?
ಮಂಡ್ಯದ ಕಬ್ಬಿನ ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ ಬೇರೆಯವನ್ನು ಕೊಲ್ಲುವ ವಿಷ ಮಾಡಿಯೂ ತಾನು ಹೇಗೆ ಬದುಕುತ್ತದೆ ಅಂತ ಕೇಳಿದ್ದೀರಲ್ವಾ, ಸ್ಟ್ರೆಪ್ಟೊಮೈಸಿಸ್ ಗ್ರೈಸಿಯಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾವನ್ನೇ ನೋಡಿ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಅನ್ನುವ ಆ್ಯಂಟಿಬಯಾಟಿಕ್ ಔಷಧಿ, ಅಂದರೆ ಇದರ ವಿಷ, ಸಿಕ್ಕಿದ್ದು ಇದರಿಂದಲೇ. ಇದು ವಿಷವನ್ನು ಒಳಗೆ ಪೂರ್ತಿ ತಯಾರು ಮಾಡುವುದೇ ಇಲ್ಲ. ಫಾಸ್ಫೇಟ್ ಅನ್ನುವ ಒಂದು ಸಣ್ಣ ರಾಸಾಯನಿಕ ತುಣುಕನ್ನು ಅಂಟಿಸಿಯೇ ಇಡುತ್ತದೆ, ಕತ್ತಿಗೆ ಒರೆ ಹಾಕಿದ ಹಾಗೆ, ಹೊರಗೆ ಹೋದ ಮೇಲಷ್ಟೇ ಒಂದು ಕಿಣ್ವ ಅದನ್ನು ಕಿತ್ತುಹಾಕುತ್ತದೆ. ವಾಪಸ್ ಒಳಗೆ ನುಗ್ಗಿದರೆ? ಮತ್ತೆ ಫಾಸ್ಫೇಟ್ ಅಂಟುತ್ತದೆ. ನನಗಂತೂ ಇದು ತುಂಬಾ ಇಷ್ಟವಾದ ಉಪಾಯ.

ಎರಿಥ್ರೊಮೈಸಿನ್ ಅನ್ನುವ ಇನ್ನೊಂದು ಆ್ಯಂಟಿಬಯಾಟಿಕ್ ಮಾಡುವ ಬ್ಯಾಕ್ಟೀರಿಯಾದ ದಾರಿ ಬೇರೆ. ಈ ಔಷಧಿ ಅಂಟಿಕೊಳ್ಳುವುದು ರೈಬೋಸೋಮಿಗೆ, ಅಂದರೆ ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಯಂತ್ರಕ್ಕೆ. ಅದು ತನ್ನ ರೈಬೋಸೋಮಿಗೇ ಮೀಥೈಲ್ ಅನ್ನುವ ಸಣ್ಣ ರಾಸಾಯನಿಕ ತುಣುಕು ಸೇರಿಸಿಕೊಂಡು ಔಷಧಿ ಅಂಟದ ಹಾಗೆ ಮಾಡಿಕೊಳ್ಳುತ್ತದೆ. ಬೇಜಾರಿನ ವಿಷಯ ಅಂದರೆ, ರೋಗ ತರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದಲ್ಲೂ ಈ ಕೆಲಸ ಮಾಡಿಸುವ ಇದೇ ಬಗೆಯ ಜೀನ್ ಸಿಗುತ್ತದೆ, ಆಗ ಎರಿಥ್ರೊಮೈಸಿನ್ ಕೆಲಸ ಮಾಡುವುದಿಲ್ಲ.