ಟರ್ಮ್ ಸಣ್ಣದಾಯ್ತು, ಉತ್ತರ ಯಾಕೆ ಸರಿ ಬರ್ಲಿಲ್ಲ?

ಪ್ರಶ್ನೆ: ಸರ್, 1 + 1/4 + 1/9 + 1/16 ಅಂತ ಹೋಗೋ ಸೀರೀಸ್‌ನ ಮೊತ್ತಕ್ಕೆ ಪೈಥಾನ್‌ನಲ್ಲಿ ಲೂಪ್ ಬರ್ದೆ, ಟರ್ಮ್ ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟು ಸಣ್ಣದಾದ್ರೆ ನಿಲ್ಸು ಅಂತ ಹಾಕಿದ್ದೆ. ಲಕ್ಷ ಟರ್ಮ್ ಆದ್ಮೇಲೆ ನಿಂತು 1.644924 ಕೊಡ್ತು. ಸರಿಯಾದ ಉತ್ತರ 1.644934 ಅಂತೆ. ಇನ್ನೂ ಜಾಸ್ತಿ ಟರ್ಮ್ ಕೂಡೋದೊಂದೇ ದಾರಿನಾ?

ಉತ್ತರ: ಅಲ್ಲ, ಆ ದಾರೀಲಿ ಹೋಗ್ಲೇಬೇಡಿ. ನಿಮ್ಮ ಲೂಪ್‌ನಲ್ಲಿ ಕೆಟ್ಟಿರೋದು ನಿಲ್ಸೋ ಕಂಡೀಶನ್. ಕೊನೇ ಟರ್ಮ್ ಎಷ್ಟು ಸಣ್ಣದು ಅಂತ ನೋಡಿದ್ರಿ, ಆದ್ರೆ ಅದಾದ್ಮೇಲೆ ಬರ್ಬೇಕಾದ ಬಾಕಿ ಟರ್ಮ್‌ಗಳೆಲ್ಲ ಸೇರಿ ಎಷ್ಟಾಗುತ್ತೆ ಅಂತ ನೋಡ್ಲಿಲ್ಲ, ಹನಿ ಹನಿ ಕೂಡಿದ್ರೆ ಹಳ್ಳ ಅನ್ನೋದು ಇಲ್ಲಿ ಅಕ್ಷರಶಃ ನಿಜ. ಈ ಸೀರೀಸ್‌ನಲ್ಲಿ ಎನ್ ಟರ್ಮ್ ಕೂಡಿದ್ಮೇಲೆ ಉಳಿಯೋ ಬಾಲ, ಅಂದ್ರೆ ಬಾಕಿ ಟರ್ಮ್‌ಗಳ ಒಟ್ಟು ಮೊತ್ತ, ಹೆಚ್ಚುಕಮ್ಮಿ 1/ಎನ್ ಇರುತ್ತೆ, ಲಕ್ಷ ಟರ್ಮ್‌ಗೆ 0.00001, ಸರಿಯಾಗಿ ನಿಮಗೆ ಕಮ್ಮಿ ಬಿದ್ದಿರೋದು ಅಷ್ಟೇ. ಹತ್ತು ಅಂಕಿ ಬೇಕು ಅಂದ್ರೆ ಸಾವಿರ ಕೋಟಿ ಟರ್ಮ್ ಆಗುತ್ತೆ, ಅದೂ ಆಗಲ್ಲ ಬಿಡಿ, ಯಾಕಂದ್ರೆ ಮೊದಲಿಂದ ಸಾಲಾಗಿ ಕೂಡ್ತಾ ಹೋದ್ರೆ ಡಬಲ್ ಪ್ರಿಸಿಶನ್‌ನಲ್ಲಿ (ಸುಮಾರು 16 ಅಂಕಿ ಮಾತ್ರ ಇಟ್ಕೊಳ್ಳೋ ಕಂಪ್ಯೂಟರಿನ ಮಾಮೂಲಿ ಲೆಕ್ಕದಲ್ಲಿ) ಸುಮಾರು ಒಂಬತ್ತೂವರೆ ಕೋಟಿ ಟರ್ಮ್ ಆದ್ಮೇಲೆ ಏನು ಸೇರಿಸಿದ್ರೂ ಮೊತ್ತ ಅಲ್ಲಾಡಲ್ಲ.

ಈಗ ಆ ಬಾಲವನ್ನೇ ಲೆಕ್ಕ ಹಾಕಿ ಸೇರಿಸಿ ನೋಡಿ. ಬರೀ 10 ಟರ್ಮ್ ಕೂಡಿದ್ರೆ 1.549768. ಅದಕ್ಕೆ 1/10 ಕೂಡಿ, 1/200 ಕಳೀರಿ, 1/6000 ಕೂಡಿ. 1.644934 ಬಂತು! ಲಕ್ಷ ಟರ್ಮ್ ಕೊಡದೇ ಇದ್ದದ್ದನ್ನ ಹತ್ತೇ ಟರ್ಮ್ ಕೊಡ್ತು, ನನಗೆ ಗಣಿತದಲ್ಲಿ ಇಷ್ಟವಾಗೋದೇ ಇಂಥ ಜಾಗಗಳು. ಆ ಮೂರು ಸಂಖ್ಯೆ ಬಂದದ್ದು ಬಾಲದ ಅಂದಾಜು ಕೊಡೋ ಆಯ್ಲರ್-ಮೆಕ್ಲಾರಿನ್ ಸೂತ್ರದಿಂದ.

ಪ್ರಶ್ನೆ: ಬಾಲದ ಸೂತ್ರ ಗೊತ್ತಿಲ್ದೇ ಇದ್ರೆ? 4 − 4/3 + 4/5 − 4/7 ಅಂತ ಪೈಗೆ ಹೋಗೋ ಸೀರೀಸ್ ಅಂತೂ ಆಮೆ ಥರ ಇದೆ.

ಉತ್ತರ: ಪ್ಲಸ್ ಮೈನಸ್ ಬದಲಾಗ್ತಾ ಬರೋ ಸೀರೀಸ್ ಸಿಕ್ಕಿದ್ರೆ ಖುಷಿಪಡಿ, ಇವನ್ನ ಓಡ್ಸೋದು ಸುಲಭ. ಮೊದಲ ಮೂರು ಮೊತ್ತಗಳು 4, 2.6667, 3.4667. ಕೊನೇ ಎರಡು ಮೊತ್ತಗಳ ವ್ಯತ್ಯಾಸ 0.8, ಅದರ ಹಿಂದಿನ ವ್ಯತ್ಯಾಸ −1.3333. 0.8ರ ವರ್ಗವನ್ನ ಈ ಎರಡು ವ್ಯತ್ಯಾಸಗಳ ನಡುವಿನ ಅಂತರ 2.1333ರಿಂದ ಭಾಗಿಸಿದ್ರೆ 0.3, ಅದನ್ನ ಕೊನೇ ಮೊತ್ತದಿಂದ ಕಳೆದ್ರೆ 3.1667. ಇದು 1926ರಲ್ಲಿ ಗಣಿತಜ್ಞ ಏಟ್ಕೆನ್ ಕೊಟ್ಟ ವಿಧಾನ. ಇನ್ನೆರಡು ಟರ್ಮ್ ತಗೊಂಡು ಹೀಗೇ ಮಾಡಿದ್ರೆ 3.1333, 3.1452 ಬರುತ್ತೆ, ಆ ಮೂರರ ಮೇಲೆ ಮತ್ತೊಮ್ಮೆ ಅದೇ ಲೆಕ್ಕ ಹಾಕಿದ್ರೆ 3.1421. ಬರೀ ಐದು ಟರ್ಮ್ ಕೂಡಿದ್ರೆ 3.3397 ಅಷ್ಟೇ ಬರೋದು, ಎಷ್ಟು ವ್ಯತ್ಯಾಸ ನೋಡಿ.

ಆದ್ರೆ ಇದೇ ಏಟ್ಕೆನ್‌ನ ಮೊದಲನೇ ಪ್ರಶ್ನೆಯ ಸೀರೀಸ್ ಮೇಲೆ ಬಿಟ್ರೆ ತಪ್ಪು ಅರ್ಧಕ್ಕೆ ಇಳಿಯುತ್ತೆ, ಅಷ್ಟೇ. ಅಲ್ಲಿಗೆ ಸೀರೀಸ್ ಓಡ್ಸೋ ಬೇರೆ ವಿಧಾನಗಳಾದ ರಿಚರ್ಡ್‌ಸನ್ ಅಥವಾ ಲೆವಿನ್ ಬೇಕು. ಹಾಗಾಗಿ ಸೀರೀಸ್‌ನ ಸ್ವಭಾವ ನೋಡದೇ ಯಾವ ಫಂಕ್ಷನ್ನೂ ಕರೀಬೇಡಿ. ಪಾರಿ ಅನ್ನೋ ಗಣಿತದ ಸಾಫ್ಟ್‌ವೇರ್‌ನ ಸಮ್‌ಆಲ್ಟ್ ಫಂಕ್ಷನ್ ಇರೋದು ಪ್ಲಸ್ ಮೈನಸ್ ಸೀರೀಸ್‌ಗೇ, ಅದರ ವಿಧಾನದಲ್ಲಿ 100 ಅಂಕಿಗೆ ಸುಮಾರು 130 ಟರ್ಮ್ ಸಾಕು. ಪೈಥಾನ್‌ನಲ್ಲಿ ಸೀರೀಸ್ ಮೊತ್ತಕ್ಕೆ ಎಂಪಿಮ್ಯಾತ್ ಲೈಬ್ರರಿಯ ಎನ್‌ಸಮ್ ಫಂಕ್ಷನ್ ಇದೆ.

ನೀವೇ ಕೋಡ್ ಬರೆಯೋದಾದ್ರೆ ಒಂದು ವಿಷ್ಯ ಗಮನಿಸಿ, ಏಟ್ಕೆನ್, ರಿಚರ್ಡ್‌ಸನ್, ಲೆವಿನ್ ವಿಧಾನಗಳು ಹತ್ತಿರ ಹತ್ತಿರದ ಸಂಖ್ಯೆಗಳನ್ನ ಕಳೀತಾ ಹೋಗುತ್ವೆ, ಕಳೆದಷ್ಟೂ ಅಂಕಿ ಉದುರುತ್ವೆ, ಡಬಲ್‌ನಲ್ಲಿ ಸಿಗೋ ಸುಮಾರು 16 ಅಂಕಿ ಬೇಗ ಖಾಲಿಯಾಗುತ್ತೆ. ಒಂದು ಹಂತ ದಾಟಿದ್ಮೇಲೆ ಟರ್ಮ್ ಜಾಸ್ತಿ ಮಾಡಿದಷ್ಟೂ ಉತ್ತರ ಕೆಡೋಕೆ ಶುರುವಾಗುತ್ತೆ. ಅದಕ್ಕೇ ಹೆಚ್ಚಿನ ಪ್ರಿಸಿಶನ್ ಇಟ್ಕೊಂಡು ಒಮ್ಮೆ 20 ಟರ್ಮ್ ತಗೊಂಡು, ಇನ್ನೊಮ್ಮೆ 30 ಟರ್ಮ್ ತಗೊಂಡು ಓಡ್ಸಿ, ಎರಡರಲ್ಲೂ ಹೊಂದೋ ಅಂಕಿಗಳನ್ನ ಮಾತ್ರ ಇಟ್ಕೊಳ್ಳಿ.